ಬಾವಿಯಲ್ಲಿ ಸಿಕ್ಕ ಶವ: ವೈದ್ಯರು ಒಳಗೆ ನೋಡುವುದೇನು?



ನೀರಿಗೆ ಬಿದ್ದು ಸತ್ತವರ ಶವವನ್ನು ಮೇಲೆತ್ತಿ ದಡದ ಮೇಲೆ ಮಲಗಿಸಿದಾಗ ಬಾಯಿ ಮೂಗುಗಳಲ್ಲಿ ಬಿಳಿಯ ನೊರೆ ಕಂಡರೆ, ಸುತ್ತ ನಿಂತವರಲ್ಲಿ ಒಬ್ಬರಾದರೂ "ಔಷಧಿ ಕುಡಿದಿದ್ದಾನೆ, ನೋಡಿ" ಎಂದುಬಿಡುತ್ತಾರೆ. ಬೆಳಗಾಗುವುದರೊಳಗೆ ಆ ಮಾತು ಪಕ್ಕದ ಊರನ್ನೂ ಮುಟ್ಟಿರುತ್ತದೆ. ಏಕೆ ಕುಡಿದ, ಹೆಂಡತಿ ಏನಂದಳು, ಅಣ್ಣತಮ್ಮಂದಿರಲ್ಲಿ ಜಮೀನಿನ ತಕರಾರು ಇತ್ತೇ ಎಂದು ಕಥೆ ಬೆಳೆಯುತ್ತದೆ. ಆದರೆ ಬಾಯಿಯ ನೊರೆಯು ನೀರಿನಲ್ಲಿ ಮುಳುಗಿ ಸತ್ತವರಲ್ಲಿ ಕಾಣುವ ಗುರುತುಗಳಲ್ಲೇ ಮುಖ್ಯವಾದುದು. ಒಂದು ತೊಟ್ಟು ವಿಷ ಮುಟ್ಟದವನ ಬಾಯಲ್ಲೂ ಅದು ಬರುತ್ತದೆ. ಯಾವ ನೊರೆ ಯಾವುದರಿಂದ ಬಂದದ್ದು ಎಂದು ದಡದಲ್ಲಿ ನಿಂತು ಹೇಳಲು ನನಗೂ ಬಾರದು, ನಿಮಗೂ ಬಾರದು. ಶವವನ್ನು ತೆರೆದು ಒಳ ಅವಯವಗಳನ್ನು ನೋಡಿದ ವೈದ್ಯರು ಹೇಳಬಲ್ಲರು. ಅವರು ಶೀಷೆಯಲ್ಲಿ ಕಳಿಸಿದ ತುಣುಕುಗಳನ್ನು ಪರೀಕ್ಷಿಸಿದ ರಸಾಯನ ತಜ್ಞರು ಹೇಳಬಲ್ಲರು. ಅವರಿಗೂ ಎಲ್ಲ ಸಲ ಖಂಡಿತವಾಗಿ ಹೇಳಲು ಸಾಧ್ಯವಾಗುವುದಿಲ್ಲ.

ಬೀಜ ಗೊಬ್ಬರದ ಮಾತಾಡುವ ಗ್ರಾಮಸೇವಕ ಈ ವಿಷಯಕ್ಕೇಕೆ ಕೈ ಹಾಕಿದ ಎಂದು ನೀವು ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ತೆರೆದ ಬಾವಿ, ಕೆರೆ, ನಾಲೆಗಳ ಜೊತೆಗೆ ಈಗ ಕೃಷಿ ಹೊಂಡಗಳೂ ಸೇರಿವೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಒಣಭೂಮಿಯ ಊರುಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಬಹಳವಾದವು. ಹೊಂಡದ ಉಪಕಾರ ದೊಡ್ಡದು. ಆದರೆ ಪಾಚಿ ಹಿಡಿದ ಆ ಹಾಳೆಯ ಇಳಿಜಾರಿನಲ್ಲಿ ಜಾರಿದವನಿಗೆ, ಈಜು ಬಂದರೂ, ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ ಹಾಕಿ, ಗೂಟಕ್ಕೆ ಕಟ್ಟಿದ ಹಗ್ಗವೊಂದನ್ನು ನೀರಿನವರೆಗೆ ಇಳಿಬಿಡಿರೆಂದು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ. ಸಾವು ಆದ ಮೇಲೆ ನಡೆಯುವ ಪರೀಕ್ಷೆಯ ವಿಷಯ ಮಾತ್ರ ಯಾರೂ ಹೇಳಿಕೊಡುವುದಿಲ್ಲ. "ಕೊಯ್ಯುತ್ತಾರೆ" ಎಂಬ ಭಯದಿಂದ ಕೆಲವರು ಪೊಲೀಸರಿಗೆ ತಿಳಿಸದೆ ರಾತ್ರೋರಾತ್ರಿ ಮಣ್ಣು ಮಾಡುತ್ತಾರೆ. ಆಮೇಲೆ ಬರುವ ಅನುಮಾನ, ಅಪವಾದ, ಕೈತಪ್ಪಿದ ವಿಮೆಯ ಹಣ ಎಲ್ಲವೂ ಉಳಿದವರ ತಲೆಯ ಮೇಲೆ.

ವೈದ್ಯರ ಮುಂದಿರುವ ಮೊದಲ ಪ್ರಶ್ನೆ ಇದು: ಈ ಮನುಷ್ಯ ನೀರಿಗೆ ಬಿದ್ದಾಗ ಜೀವಂತವಾಗಿದ್ದನೇ, ಅಥವಾ ಬೇರೆಡೆ ಸತ್ತ ಮೇಲೆ ನೀರಿಗೆ ಸೇರಿದನೇ? ಜೀವಂತವಾಗಿ ಬಿದ್ದಿದ್ದರೆ, ಬೀಳಲು ಕಾರಣವೇನು? ಜಾರಿದನೇ, ಮೂರ್ಛೆರೋಗ ಬಂತೇ, ಎದೆನೋವೇ, ಪಂಪಿನ ತಂತಿ ಮುಟ್ಟಿ ವಿದ್ಯುತ್ ಹೊಡೆಯಿತೇ, ಮದ್ಯವೇ, ಕೀಟನಾಶಕವೇ? ಮೊದಲನೆಯ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಶ್ವಾಸಕೋಶ ಮತ್ತು ಮೂಳೆಯ ಮಜ್ಜೆಯಲ್ಲಿರುತ್ತದೆ. ಎರಡನೆಯದಕ್ಕೆ ಜಠರ, ಯಕೃತ್ತು, ರಕ್ತಗಳನ್ನೂ ಹೃದಯವನ್ನೂ ನೋಡಬೇಕು. ಇವೆಲ್ಲವುಗಳಷ್ಟೇ ಮುಖ್ಯವಾದುದು ಕಣ್ಣಾರೆ ಕಂಡವರ ಮಾತು.

ನೊರೆ ಹೇಗೆ ಹುಟ್ಟುತ್ತದೆ

ನೀರಿನಲ್ಲಿ ಮುಳುಗಿದವನು ಮೊದಲು ಉಸಿರು ಕಟ್ಟಿಕೊಳ್ಳುತ್ತಾನೆ. ಆದರೆ ಎಷ್ಟು ಹೊತ್ತು ಕಟ್ಟಿಯಾನು? ಸ್ವಲ್ಪ ಹೊತ್ತಿಗೆಲ್ಲ ಅವನ ಇಚ್ಛೆಯನ್ನು ಮೀರಿ ದೇಹ ಉಸಿರೆಳೆದುಕೊಳ್ಳುತ್ತದೆ. ಗಾಳಿಯ ಬದಲು ನೀರು ಒಳಗೆ ಹೋಗುತ್ತದೆ. ಕೆಮ್ಮುತ್ತಾನೆ, ಮತ್ತೆ ಎಳೆದುಕೊಳ್ಳುತ್ತಾನೆ, ನುಂಗುತ್ತಾನೆ. ಪ್ರಜ್ಞೆ ತಪ್ಪಿದ ಮೇಲೂ ಹೃದಯ ಕೆಲವು ನಿಮಿಷ ಬಡಿಯುತ್ತಿರುತ್ತದೆ. ಈ ಕೆಲವು ನಿಮಿಷಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಶ್ವಾಸನಾಳದೊಳಗೆ ಸ್ವಾಭಾವಿಕವಾಗಿಯೇ ಲೋಳೆಯಿದೆ. ನೀರು, ಗಾಳಿ, ಲೋಳೆ ಮೂರೂ ಸೇರಿ, ಉಸಿರಿನ ಎಳೆತ ನೂಕುಗಳಿಂದ ಕಡಗೋಲಿಗೆ ಸಿಕ್ಕಿದ ಮಜ್ಜಿಗೆಯಂತೆ ಕಡೆಯಲ್ಪಡುತ್ತವೆ. ಹೀಗೆ ಹುಟ್ಟುವ ನೊರೆ ಬಹಳ ನುಣುಪು, ಸಾಬೂನಿನ ನೊರೆಯಂತೆ ಸಣ್ಣ ಗುಳ್ಳೆಗಳದು. ಬಣ್ಣ ಬಿಳಿ, ಕೆಲವು ಸಲ ರಕ್ತದ ಸೋಂಕಿನಿಂದ ತುಸು ಕೆಂಪು. ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಎದೆಯನ್ನು ಒತ್ತಿದರೆ ಮತ್ತೆ ಬರುತ್ತದೆ. ಸತ್ತ ಮೇಲೆ ನೀರಿಗೆ ಹಾಕಿದ ದೇಹದ ಶ್ವಾಸನಾಳಕ್ಕೂ ನೀರು ತಾನಾಗಿ ಇಳಿಯಬಹುದು. ಆದರೆ ಕಡೆಯುವ ಉಸಿರೇ ಇಲ್ಲವಾದ್ದರಿಂದ ಇಂಥ ನೊರೆ ಏಳುವುದಿಲ್ಲ. ನೊರೆಗೆ ವೈದ್ಯರು ಬೆಲೆ ಕೊಡುವುದು ಇದಕ್ಕಾಗಿ.

ಹಾಗಾದರೆ ಕೀಟನಾಶಕದ ನೊರೆ? ಅದೂ ಉಂಟು. ನಾವು ಬಳಸುವ ಕ್ಲೋರ್‌ಪೈರಿಫಾಸಿನಂಥ ರಂಜಕ ಜಾತಿಯ ಔಷಧಿಗಳು ದೇಹಕ್ಕೆ ಹೊಕ್ಕರೆ ಜೊಲ್ಲು, ಬೆವರು, ಶ್ವಾಸನಾಳದ ಲೋಳೆ ಎಲ್ಲವೂ ಉಕ್ಕುತ್ತವೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಕುಗ್ಗುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ಸೇರಿದರೂ ನೊರೆ ಬರುತ್ತದೆ, ಮೂರ್ಛೆರೋಗದಲ್ಲಿಯೂ ಬರುತ್ತದೆ. ಆದ್ದರಿಂದ ನೊರೆಯೊಂದನ್ನೇ ನೋಡಿ ಯಾವ ಬುದ್ಧಿವಂತ ವೈದ್ಯನೂ ತೀರ್ಪು ಕೊಡುವುದಿಲ್ಲ. ಊರಿನವರು ಕೊಟ್ಟುಬಿಡುತ್ತೇವೆ.

ಎದೆ ತೆರೆದಾಗ

ಆರೋಗ್ಯವಂತನ ಶ್ವಾಸಕೋಶಗಳು ಎರಡೂ ಸೇರಿ ಸಾಮಾನ್ಯವಾಗಿ ಒಂದು ಕಿಲೋಗಿಂತ ಕಡಿಮೆ ತೂಗುತ್ತವೆ. ಎದೆಗೂಡು ತೆರೆದ ಕೂಡಲೆ ಅವು ಕುಗ್ಗಿ ಹಿಂದಕ್ಕೆ ಸರಿಯುವುದು ರೂಢಿ. ಮುಳುಗಿ ಸತ್ತವನಲ್ಲಿ ಹಾಗಾಗುವುದಿಲ್ಲ. ಒಳಗೆ ನೀರು ನುಗ್ಗಿ, ಹೊರಗೆ ಹೋಗಬೇಕಾದ ಗಾಳಿ ಸಿಕ್ಕಿಬಿದ್ದು, ಶ್ವಾಸಕೋಶಗಳು ಎದೆಗೂಡನ್ನು ತುಂಬಿ ನಿಂತಿರುತ್ತವೆ. ಎಡಬಲದ ಅಂಚುಗಳು ಮಧ್ಯದಲ್ಲಿ ಒಂದನ್ನೊಂದು ಮುಟ್ಟಿ ಹೃದಯವನ್ನು ಮುಚ್ಚುವುದುಂಟು. ಅವುಗಳ ಮೈಮೇಲೆ ಪಕ್ಕೆಲುಬುಗಳ ಗೆರೆ ಮೂಡಿರುತ್ತದೆ. ಬೆರಳಿನಿಂದ ಒತ್ತಿದರೆ ನಾದಿದ ಹಿಟ್ಟಿನಲ್ಲಿ ಆದಂತೆ ಗುಳಿ ಬೀಳುತ್ತದೆ. ಕೊಯ್ದರೆ ನೊರೆನೀರು ಸುರಿಯುತ್ತದೆ. ಎರಡರ ತೂಕ ಸೇರಿ ಒಂದು ಕಿಲೋ ದಾಟುವುದು ಸಾಮಾನ್ಯ. ಶ್ವಾಸಕೋಶದ ಹೊರಪೊರೆಯ ಕೆಳಗೆ ಮಾಸಿದ ಕೆಂಪು ಕಲೆಗಳೂ ಕಾಣಬಹುದು. ಇವನ್ನು 1880ರ ದಶಕದಲ್ಲಿ ವರ್ಣಿಸಿದ ಪಾಲ್ಟಾಫ್ ಎಂಬ ಪಂಡಿತನ ಹೆಸರಿನಿಂದಲೇ ಇಂದೂ ಕರೆಯುತ್ತಾರೆ.

ಶ್ವಾಸನಾಳದ ಸಣ್ಣ ಕವಲುಗಳ ತನಕ ವೈದ್ಯರು ಬಿಡಿಸಿ ನೋಡುತ್ತಾರೆ. ಅಲ್ಲಿ ಕೆಸರು, ಮರಳು, ಪಾಚಿಯ ಎಳೆ ಸಿಕ್ಕಿದರೆ ಅದು ಬಲವಾದ ಸಾಕ್ಷಿ. ಗಂಟಲಿನಲ್ಲಿ ಮಾತ್ರ ಇದ್ದರೆ ಅಷ್ಟು ಬೆಲೆಯಿಲ್ಲ. ಹರಿಯುವ ನೀರು ಸತ್ತವನ ಬಾಯಿಗೂ ಕೆಸರನ್ನು ತುಂಬೀತು. ಜಠರದ ಮಾತೂ ಹೀಗೆಯೇ. ಮುಳುಗುವಾಗ ನುಂಗಿದ ನೀರು ಜಠರದಲ್ಲಿ ಇರುತ್ತದೆ. ಆದರೆ ಜಠರ ದಾಟಿ ಸಣ್ಣಕರುಳಿನ ಮೊದಲ ಭಾಗಕ್ಕೆ ಅದೇ ನೀರು, ಅದೇ ಪಾಚಿ ಇಳಿದಿದ್ದರೆ ಅದಕ್ಕೆ ಹೆಚ್ಚಿನ ಬೆಲೆ. ಏಕೆಂದರೆ ಕರುಳಿಗೆ ನೂಕುವ ಕೆಲಸ ಜೀವವಿರುವ ಹೊಟ್ಟೆಯದು. ಬೀಳುವ ಮುನ್ನವೇ ಒಂದು ತಂಬಿಗೆ ನೀರು ಕುಡಿದಿರಬಹುದಲ್ಲ ಎಂದು ನೀವು ಕೇಳಿದರೆ, ಆ ಪ್ರಶ್ನೆಯೂ ಸರಿಯೇ. ಅದಕ್ಕಾಗಿಯೇ ವೈದ್ಯರು ಆ ನೀರಿನಲ್ಲಿ ಬಾವಿಯ ಗುರುತೇನಾದರೂ ಇದೆಯೇ ಎಂದು ಹುಡುಕುವುದು.

ಹೃದಯದ ಬಲಭಾಗ ರಕ್ತದಿಂದ ತುಂಬಿರುವುದು, ಕಿವಿಯ ಒಳಮೂಳೆಯಲ್ಲಿ ರಕ್ತ ಕಟ್ಟಿರುವುದು ಮುಂತಾದ ಗುರುತುಗಳನ್ನೂ ಬರೆದಿಡುತ್ತಾರೆ. ಬೇರೆ ರೀತಿಯ ಉಸಿರುಕಟ್ಟಿದ ಸಾವುಗಳಲ್ಲೂ ಇವು ಬರುವುದರಿಂದ ಬಹಳ ಹೊತ್ತು ಇವುಗಳಲ್ಲಿ ನಿಲ್ಲಬೇಕಾಗಿಲ್ಲ. ಹೃದಯದ ಎಡಬಲ ಭಾಗಗಳ ರಕ್ತದಲ್ಲಿ ಉಪ್ಪಿನಂಶವನ್ನು ಅಳೆದು ಹೋಲಿಸುವ ಪರೀಕ್ಷೆಯೊಂದನ್ನು 1921ರಲ್ಲಿ ನ್ಯೂಯಾರ್ಕಿನ ಗೆಟ್ಲರ್ ಎಂಬ ರಸಾಯನ ತಜ್ಞರು ಪ್ರಕಟಿಸಿದರು. ಸಿಹಿನೀರು ರಕ್ತವನ್ನು ತೆಳುವಾಗಿಸುತ್ತದೆ, ಸಮುದ್ರದ ನೀರು ಗಟ್ಟಿಯಾಗಿಸುತ್ತದೆ ಎಂಬುದು ಅದರ ತರ್ಕ. ಕೇಳಲು ಅಚ್ಚುಕಟ್ಟು, ಆದರೆ ಸತ್ತ ಮೇಲೆ ರಕ್ತದ ಲವಣಗಳು ತಾವಾಗಿಯೇ ಬದಲಾಗುವುದರಿಂದ ಇಂದು ಅದನ್ನು ಯಾರೂ ನಂಬಿ ಕೂರುವುದಿಲ್ಲ.

ಹೊರಗಿನ ಕೆಲವು ಗುರುತುಗಳ ಬಗ್ಗೆಯೂ ಹಳ್ಳಿಗಳಲ್ಲಿ ತಪ್ಪು ತಿಳಿವಳಿಕೆಯಿದೆ. ಅಂಗೈ ಅಂಗಾಲು ಬೆಳ್ಳಗಾಗಿ ನಿರಿಗೆಗಟ್ಟುವುದು ದೇಹ ನೀರಿನಲ್ಲಿ ಇತ್ತೆಂಬುದನ್ನು ಹೇಳುತ್ತದೆಯೇ ಹೊರತು ನೀರಿನಲ್ಲಿಯೇ ಸತ್ತಿತೆಂದು ಹೇಳುವುದಿಲ್ಲ. ಇಡೀ ದಿನ ನಾಟಿ ಗದ್ದೆಯಲ್ಲಿ ನಿಂತವರ ಕಾಲೂ ಹಾಗಾಗುವುದಿಲ್ಲವೇ? ರೆಪ್ಪೆ, ತುಟಿ, ಕಿವಿಗಳ ಬಳಿ ಮೀನು, ಏಡಿಗಳು ಕಚ್ಚಿದ ಗಾಯವನ್ನು ಕಂಡು "ಹೊಡೆದು ಹಾಕಿದ್ದಾರೆ" ಎಂದು ಕೂಗೆಬ್ಬಿಸಿದ್ದುಂಟು. ಜೀವವಿದ್ದಾಗ ಆದ ಗಾಯಕ್ಕೂ ಸತ್ತ ಮೇಲೆ ಆದದ್ದಕ್ಕೂ ಇರುವ ಭೇದವನ್ನು ವೈದ್ಯರು ಗಾಯದ ಸುತ್ತ ರಕ್ತ ಇಂಗಿದೆಯೇ ಎಂಬುದರಿಂದ ತೂಗಿ ನೋಡುತ್ತಾರೆ. ಹೊರಗುರುತುಗಳಲ್ಲಿ ಬೆಲೆಯುಳ್ಳದ್ದು ಎಂದರೆ ಬಿಗಿದ ಮುಷ್ಟಿ. ಸಾಯುವ ಕ್ಷಣದಲ್ಲಿ ಹಿಡಿದ ಜೊಂಡು, ಬೇರು, ಕೆಸರು ಮುಷ್ಟಿಯಲ್ಲಿಯೇ ಉಳಿದಿದ್ದರೆ, ಅವನು ಜೀವಂತವಾಗಿ ನೀರಿಗಿಳಿದು ಬದುಕಲು ಹೆಣಗಿದನೆಂದು ತಿಳಿಯಬಹುದು. ದಯವಿಟ್ಟು ಆ ಮುಷ್ಟಿಯನ್ನು ಬಿಡಿಸಿ ಕೈ ತೊಳೆಯಬೇಡಿರಿ.

ಮೂಳೆಯ ಮಜ್ಜೆಯಲ್ಲಿ ಬಾವಿಯ ಸಾಕ್ಷಿ

ಕೆರೆ, ಬಾವಿ, ನಾಲೆಗಳ ನೀರಿನಲ್ಲಿ ಡಯಾಟಂ ಎಂಬ ಏಕಕೋಶದ ಪಾಚಿ ಬೆಳೆಯುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಕಲ್ಲಿನ ಮೇಲಿನ ಕಂದು ಜಾರಿಕೆಯಲ್ಲಿ ಇವು ಲಕ್ಷಗಟ್ಟಲೆ ಇರುತ್ತವೆ. ಇದರ ವಿಶೇಷವೆಂದರೆ ಇದರ ಚಿಪ್ಪು. ಆ ಚಿಪ್ಪು ಸಿಲಿಕಾದಿಂದ ಆದದ್ದು. ಭತ್ತದ ಗರಿ ನಿಮ್ಮ ಕೈಯನ್ನು ಗೀರುವುದು, ಭತ್ತದ ಹೊಟ್ಟು ಸುಟ್ಟರೂ ಬೂದಿಯಾಗಿ ರಾಶಿ ಉಳಿಯುವುದು ಇದೇ ಸಿಲಿಕಾದಿಂದ. ಅದು ಕೊಳೆಯುವುದಿಲ್ಲ; ತೀಕ್ಷ್ಣವಾದ ನೈಟ್ರಿಕ್ ಆಮ್ಲದಲ್ಲಿಯೂ ಕರಗುವುದಿಲ್ಲ.

ಹಿಂದೆ ನೆನಪಿಡಿರೆಂದ ಕೆಲವು ನಿಮಿಷಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಶ್ವಾಸಕೋಶಕ್ಕೆ ನುಗ್ಗಿದ ನೀರಿನೊಂದಿಗೆ ಬಂದ ಸಣ್ಣ ಡಯಾಟಂಗಳು ಗಾಳಿಗೂಡಿನ ತೆಳುಪೊರೆ ಹರಿದಲ್ಲಿ ರಕ್ತವನ್ನು ಸೇರುತ್ತವೆ. ಹೃದಯ ಇನ್ನೂ ಬಡಿಯುತ್ತಿದ್ದರೆ ರಕ್ತದೊಡನೆ ಯಕೃತ್ತು, ಮೂತ್ರಪಿಂಡ, ಮಿದುಳು, ಮೂಳೆಯ ಮಜ್ಜೆಯವರೆಗೂ ಹೋಗಿ ಸಿಕ್ಕಿಕೊಳ್ಳುತ್ತವೆ. ಸತ್ತವನನ್ನು ನೀರಿಗೆ ಹಾಕಿದರೆ ನೀರು ಶ್ವಾಸಕೋಶದವರೆಗೆ ಇಳಿಯಬಹುದು, ಆದರೆ ಅಲ್ಲಿಂದ ಮುಂದಕ್ಕೆ ಒಯ್ಯಲು ಪಂಪು ನಿಂತಿದೆ. ಶ್ವಾಸಕೋಶದಲ್ಲಿ ಡಯಾಟಂ ಹುಡುಕುವ ಕೆಲಸವನ್ನು 1904ರಲ್ಲಿ ಜರ್ಮನಿಯ ರೆವೆನ್‌ಸ್ಟಾರ್ಫ್ ಮಾಡಿದ್ದರು. ಅವು ರಕ್ತದೊಡನೆ ದೂರದ ಅವಯವಗಳಿಗೂ ಹೋಗುತ್ತವೆಂಬುದನ್ನು 1942ರಲ್ಲಿ ಹಂಗೆರಿಯ ಇಂಚೆ ತೋರಿಸಿದರು.

ಪರೀಕ್ಷೆಗೆ ಸಾಮಾನ್ಯವಾಗಿ ತೊಡೆಯ ಮೂಳೆ ಅಥವಾ ಎದೆಮೂಳೆಯನ್ನು ಆರಿಸುತ್ತಾರೆ. ಮೂಳೆಯ ಗಟ್ಟಿ ಗೋಡೆಯೊಳಗಿನ ಮಜ್ಜೆಗೆ ಹೊರಗಿನ ನೀರು ಸುಲಭವಾಗಿ ಸೋರುವುದಿಲ್ಲವೆಂಬುದೇ ಕಾರಣ. ಮಜ್ಜೆಯನ್ನು ಆಮ್ಲದಲ್ಲಿ ಕರಗಿಸಿ, ಉಳಿದದ್ದನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಚಿಪ್ಪುಗಳು ದೋಣಿಯಂತೆ, ಬಳೆಯಂತೆ, ಗೆರೆ ಕೊರೆದ ಕಡ್ಡಿಯಂತೆ ಕಾಣುತ್ತವೆ. ಅನಂತರ ಶವ ಸಿಕ್ಕ ಬಾವಿಯ ನೀರಿನಲ್ಲೂ ಅದೇ ಜಾತಿಗಳಿವೆಯೇ ಎಂದು ಹೋಲಿಸುತ್ತಾರೆ. ದೇಹ ಪೂರ್ತಿ ಕೊಳೆತು, ನೊರೆ ಹೋಗಿ, ಶ್ವಾಸಕೋಶ ಕುಸಿದಿರುವಾಗಲೂ ಈ ಪರೀಕ್ಷೆ ಸಾಧ್ಯ. ಬೇಸಿಗೆಯಲ್ಲಿ ನಮ್ಮ ಕಡೆ ಒಂದು ದಿನಕ್ಕೆಲ್ಲ ಶವ ಉಬ್ಬಿ ತೇಲುವುದರಿಂದ ಇದರ ಬೆಲೆ ಹೆಚ್ಚು.

ಇದರ ಕೊರತೆಯನ್ನೂ ಹೇಳಬೇಕು. ಡಯಾಟಂ ಸಿಗಲಿಲ್ಲವೆಂದ ಮಾತ್ರಕ್ಕೆ ಮುಳುಗಿ ಸಾಯಲಿಲ್ಲವೆಂದು ಅರ್ಥವಲ್ಲ. ಕೊಳವೆ ಬಾವಿಯಿಂದ ಹೊಸದಾಗಿ ತುಂಬಿಸಿದ ಹೊಂಡದ ನೀರಿನಲ್ಲಿ ಅವು ಬಹಳ ಕಡಿಮೆ ಇರಬಹುದು. ಪಾತ್ರೆ, ಆಮ್ಲ, ತೊಳೆಯುವ ನೀರು ಶುದ್ಧವಿಲ್ಲದಿದ್ದರೆ ಹೊರಗಿನಿಂದಲೇ ಡಯಾಟಂ ಸೇರಿಕೊಂಡೀತು. ಇದಕ್ಕೆಷ್ಟು ಬೆಲೆ ಕೊಡಬೇಕೆಂದು ಪಂಡಿತರಲ್ಲಿ ಇಂದಿಗೂ ವಾದವಿದೆ. ಯಾವುದೇ ಒಂದು ಗುರುತು ಮಾತ್ರದಿಂದ ಮುಳುಗಿದ ಸಾವು ಸಿದ್ಧವಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗಿಟ್ಟು, ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ವೈದ್ಯರು ಅಭಿಪ್ರಾಯ ಕೊಡುತ್ತಾರೆ.

ಈ ಹೋಲಿಕೆಗೆ ಬಾವಿಯ ನೀರು ಬೇಕಲ್ಲವೇ? ನಮ್ಮ ಊರುಗಳಲ್ಲಿ ಶವ ತೆಗೆದ ಸಂಜೆಯೇ ಮೋಟಾರು ಹಚ್ಚಿ ಬಾವಿಯನ್ನು ಬರಿದು ಮಾಡುತ್ತೇವೆ, ಬ್ಲೀಚಿಂಗ್ ಪುಡಿ ಸುರಿಯುತ್ತೇವೆ. ಶುದ್ಧಿ ಬೇಕಾದುದೇ. ಆದರೆ ತನಿಖೆಯ ಪೊಲೀಸರು ಶುಭ್ರವಾದ ಶೀಷೆಯಲ್ಲಿ ಆ ನೀರನ್ನು ತೆಗೆದು ಮುದ್ರೆ ಹಾಕುವ ತನಕ ತಡೆಯಿರಿ. ಅವರು ಮರೆತರೆ ನೀವು ನೆನಪು ಮಾಡಿರಿ; ತಪ್ಪೇನಿಲ್ಲ.

ಶೀಷೆಗೆ ಹೋಗುವ ಅವಯವಗಳು

ವಿಷದ ಅನುಮಾನವಿದ್ದರೆ, ಅಥವಾ ಕಾರಣ ಸ್ಪಷ್ಟವಾಗದಿದ್ದರೆ, ವೈದ್ಯರು ಕೆಲವು ಅವಯವಗಳ ಭಾಗಗಳನ್ನು ಶೀಷೆಗಳಲ್ಲಿ ಇಡುತ್ತಾರೆ. ಪೊಲೀಸರು ಇದನ್ನೇ ವಿಸೆರಾ ಎನ್ನುತ್ತಾರೆ. ಜಠರ ಮತ್ತು ಅದರೊಳಗಿದ್ದುದು, ಸಣ್ಣಕರುಳಿನ ಒಂದಷ್ಟು ಉದ್ದ, ಯಕೃತ್ತಿನ ತುಂಡು, ಎರಡೂ ಮೂತ್ರಪಿಂಡಗಳಿಂದ ಅರ್ಧರ್ಧ, ರಕ್ತ, ಸಿಕ್ಕಿದರೆ ಮೂತ್ರ. ವಿಷವು ಬಾಯಿಂದ ಹೋದರೆ ಮೊದಲು ಜಠರ, ಆಮೇಲೆ ಕರುಳು, ಅಲ್ಲಿಂದ ರಕ್ತದ ಮೂಲಕ ಯಕೃತ್ತು, ಕಡೆಗೆ ಮೂತ್ರಪಿಂಡ. ವಿಷ ನಡೆಯುವ ದಾರಿಯಲ್ಲೇ ಪರೀಕ್ಷೆಯೂ ನಡೆಯುತ್ತದೆಂದು ತಿಳಿಯಿರಿ. ಜಠರದ ತುಣುಕನ್ನೂ ಯಕೃತ್ತಿನ ತುಣುಕನ್ನೂ ಬೇರೆ ಬೇರೆ ಶೀಷೆಯಲ್ಲಿಡುವುದೂ ಇದಕ್ಕಾಗಿಯೇ.

ಕೆಡದಂತೆ ಇಡಲು ಸಾಮಾನ್ಯವಾಗಿ ಬಳಸುವುದು ಅಡುಗೆ ಉಪ್ಪಿನ ದ್ರಾವಣ. ಇನ್ನು ಕರಗದು ಎಂಬಷ್ಟು ಉಪ್ಪು ಕರಗಿಸಿದ ನೀರು. ಜೊಳ್ಳು ತೇಲಿಸಲು ನಾವು ಮಾಡಿಕೊಳ್ಳುವ ಉಪ್ಪುನೀರಿಗಿಂತಲೂ ಗಟ್ಟಿ. ಆ ಬರಿಯ ದ್ರಾವಣದ್ದೂ ಒಂದು ಶೀಷೆ ಜೊತೆಗೆ ಹೋಗುತ್ತದೆ, ವಿಷ ಉಪ್ಪಿನಿಂದ ಬಂದುದಲ್ಲವೆಂದು ತೋರಿಸಲು. ಶ್ವಾಸಕೋಶ, ಹೃದಯಗಳ ರೋಗ ಪರೀಕ್ಷೆಯ ತುಣುಕುಗಳಿಗೆ ಮಾತ್ರ ಫಾರ್ಮಲಿನ್. ಶೀಷೆಗಳಿಗೆ ಅರಗಿನ ಮುದ್ರೆ ಹಾಕಿ ಪೊಲೀಸರ ಕೈಗೆ ಒಪ್ಪಿಸಲಾಗುತ್ತದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ, ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಂಥ ಕಡೆಯ ಪ್ರಾದೇಶಿಕ ಪ್ರಯೋಗಾಲಯಕ್ಕೋ ಅವು ಹೋಗುತ್ತವೆ.

ಈ ವಿದ್ಯೆ ಪರದೇಶದಿಂದಲೇ ಬಂದುದೆಂದು ತಿಳಿಯಬೇಡಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹಠಾತ್ತಾಗಿ ಸತ್ತವರ ಪರೀಕ್ಷೆಗೇ ಒಂದು ಅಧ್ಯಾಯವಿದೆ. ನೀರಿನಲ್ಲಿ ಸತ್ತವನ ಗುರುತುಗಳಲ್ಲಿ ಉಬ್ಬಿದ ಹೊಟ್ಟೆಯನ್ನೂ ಹೇಳಿದೆ. ವಿಷದ ಅನುಮಾನ ಬಂದರೆ ದೇಹದೊಳಗಿನಿಂದ ತೆಗೆದುದನ್ನು ಬೆಂಕಿಗೆ ಹಾಕಿ, ಚಿಟಚಿಟ ಸದ್ದನ್ನೂ ಜ್ವಾಲೆಯ ಬಣ್ಣವನ್ನೂ ನೋಡಬೇಕೆಂದಿದೆ. ಇಂದು ಬೆಂಕಿಯ ಬದಲು ಯಂತ್ರ ಬಂದಿದೆ.

ಹೋದ ವರ್ಷ ನಾನು ತಿರುಗುವ ಊರೊಂದರಲ್ಲಿ ಟೊಮೆಟೊ ತೋಟಕ್ಕೆ ಬೆಳಗಿನಿಂದ ಔಷಧಿ ಹೊಡೆದಿದ್ದ ರೈತರೊಬ್ಬರು ಮಧ್ಯಾಹ್ನ ಕೈಕಾಲು ತೊಳೆಯಲು ಹೊಂಡಕ್ಕೆ ಇಳಿದವರು ಮೇಲೆ ಬರಲಿಲ್ಲ. ಬಾಯಲ್ಲಿ ನೊರೆ, ಅಂಗಿಯಲ್ಲಿ ಔಷಧಿಯ ವಾಸನೆ. ಊರಿನ ತೀರ್ಪು ಆಗಿಹೋಯಿತು. ಅವರ ಹೆಂಡತಿ ಮಾತ್ರ ಪೊಲೀಸರಿಗೂ ವೈದ್ಯರಿಗೂ, "ಮೂರು ದಿನದಿಂದ ಹೊಡೀತಿದ್ರು, ಬಟ್ಟೆ ಬದಲಾಯಿಸಿರಲಿಲ್ಲ, ತಲೆ ಸುತ್ತುತ್ತೆ ಅಂದಿದ್ರು" ಎಂದು ಇದ್ದುದನ್ನು ಇದ್ದಂತೆ ಹೇಳಿ, ಔಷಧಿಯ ಡಬ್ಬಿಯನ್ನೂ ಒಪ್ಪಿಸಿದರು. ಶ್ವಾಸಕೋಶಗಳು ಉಬ್ಬಿ ತೂಕವಾಗಿದ್ದವು. ಸಣ್ಣಕರುಳಿನಲ್ಲಿ ಪಾಚಿ ಬೆರೆತ ನೀರಿತ್ತು. ತಿಂಗಳುಗಳ ಮೇಲೆ ಬಂದ ವರದಿಯಲ್ಲಿ ಜಠರದಲ್ಲಿ ಕೀಟನಾಶಕವಿರಲಿಲ್ಲ. ಕುಡಿದವರ ಜಠರ ಹೀಗಿರುವುದಿಲ್ಲ. ಅಷ್ಟು ತಿಂಗಳು ಆ ತಾಯಿ ನೀರು ತರಲು ಹೋದಲ್ಲಿ ಕೇಳಿದ ಮಾತುಗಳನ್ನು ಯಾವ ವರದಿಯೂ ತೊಳೆಯಲಾರದು. ಆದರೂ ಮಕ್ಕಳ ಮುಂದೆ ಇಡಲು ಒಂದು ಕಾಗದ ಅವರ ಕೈಯಲ್ಲಿದೆ.

ಚರ್ಮದಿಂದ ಹೊಕ್ಕ ವಿಷವೂ ತಲೆ ಸುತ್ತಿಸಿ ಬೀಳಿಸಬಲ್ಲದು. ಅಂಥ ಸಂದರ್ಭದಲ್ಲಿ ರಕ್ತದಲ್ಲಿ ಔಷಧಿಯ ಅಂಶ ಸಿಕ್ಕರೂ "ಕುಡಿದ" ಎಂದಾಗುವುದಿಲ್ಲ. ಔಷಧಿ ಹೊಡೆದಿದ್ದರೆಂಬ ಸಂಗತಿಯನ್ನು ಮನೆಯವರು ಹೇಳದಿದ್ದರೆ ವೈದ್ಯರಿಗೆ ಗೊತ್ತಾಗುವುದು ಹೇಗೆ? ಹಾಗೆಯೇ ಪಂಪಿನ ಕತೆ. ನೀರಿನಲ್ಲಿ ವಿದ್ಯುತ್ ಹೊಡೆದರೆ ಮೈಮೇಲೆ ಸುಟ್ಟ ಗುರುತು ಇಲ್ಲದೆಯೇ ಹೋಗಬಹುದು. ಒಳ ಅವಯವಗಳೂ ಏನನ್ನೂ ಹೇಳದಿರಬಹುದು. ಆಗ ಹರಿದ ತಂತಿ, ನೆನೆದ ಸ್ಟಾರ್ಟರ್ ಪೆಟ್ಟಿಗೆಗಳೇ ಸಾಕ್ಷಿ. ಮೊದಲು ಕರೆಂಟು ತೆಗೆಯಿರಿ. ಆದರೆ ತಂತಿ ಬಿಚ್ಚಿ ಸುತ್ತಿಡಬೇಡಿರಿ.

ಉಪ್ಪಿನ ರಾಶಿ

ಮುಳುಗಿದವರ ದೇಹವನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಉಪ್ಪು ನೀರನ್ನು ಹೀರಿ ಜೀವ ಮರಳುತ್ತದೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಿದಾಡುತ್ತಿದೆ. 2022ರಲ್ಲಿ ಬಳ್ಳಾರಿ ತಾಲ್ಲೂಕಿನಲ್ಲಿ, 2023ರ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯಲ್ಲಿ ಮಕ್ಕಳ ದೇಹಗಳನ್ನು ಹೀಗೆ ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದ ಸಂಗತಿ ಪತ್ರಿಕೆಗಳಲ್ಲಿ ಬಂತು. ಹೆತ್ತವರನ್ನು ದೂರಲು ಮನಸ್ಸು ಬರುವುದಿಲ್ಲ. ಆದರೆ ಶ್ವಾಸಕೋಶದ ನೀರನ್ನು ಚರ್ಮದ ಮೇಲಿನ ಉಪ್ಪು ಎಳೆಯಲಾರದು. ಎಳೆದರೂ ನಿಂತ ಹೃದಯ ನಡೆಯದು. ಉಳಿಸುವ ಅವಕಾಶ ಇರುವುದು ಮೊದಲ ನಿಮಿಷಗಳಲ್ಲಿ ಮಾತ್ರ. ಅಂಗಾತ ಮಲಗಿಸಿ, ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರೂದಬೇಕು. ಆಮೇಲೆ ಎದೆಯ ನಡುವೆ ಬಲವಾಗಿ, ವೇಗವಾಗಿ 30 ಸಲ ಒತ್ತಿ, ಮತ್ತೆ 2 ಸಲ ಊದಬೇಕು. 108ರ ವಾಹನ ಬರುವ ತನಕ ಬಿಡಬಾರದು. ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಅದುಮುವುದು, ಭುಜದ ಮೇಲೆ ಹೊತ್ತು ಓಡುವುದು ಬೇಡ. ಜೀವ ಉಳಿಯದಿದ್ದರೆ, ಎದೆ ಒತ್ತಿದ್ದೆವೆಂದು ವೈದ್ಯರಿಗೆ ಹೇಳಿರಿ. ಒತ್ತುವಾಗ ಪಕ್ಕೆಲುಬು ಮುರಿದಿರಬಹುದು. ಹೇಳದಿದ್ದರೆ ಅದು ಹೊಡೆತದ ಗುರುತಾಗಿ ಅನುಮಾನಕ್ಕೆ ಎಡೆಯಾದೀತು.

ಕಾಗದ ಪತ್ರದ ಮಾತು

ಇಂಥ ಸಾವಿನ ಸುದ್ದಿ ಬಂದಾಗ ಪೊಲೀಸರು ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಿಸುತ್ತಾರೆ, ಯು.ಡಿ.ಆರ್. ಎನ್ನುವುದು ಇದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಮುಂದೆ ಶವದ ಪಂಚನಾಮೆ ಆಗುತ್ತದೆ. ಮೊದಲು ಇದು 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಾಗಿತ್ತು. ಪಂಚರಾಗಿ ಕರೆದರೆ ನೀವು ಕಂಡದ್ದಕ್ಕೆ ಮಾತ್ರ ರುಜು ಹಾಕಿರಿ. "ಔಷಧಿ ಕುಡಿದಂತಿದೆ" ಎಂದು ಯಾರೋ ಬರೆಸಲು ಬಂದರೆ ಒಪ್ಪಬೇಡಿರಿ. ಸಾವಿನ ಕಾರಣದಲ್ಲಿ ಸಂಶಯವಿದ್ದರೆ ಶವವನ್ನು ವೈದ್ಯರಲ್ಲಿಗೆ ಕಳಿಸಲೇಬೇಕು. ಮದುವೆಯಾಗಿ 7 ವರ್ಷ ತುಂಬದ ಹೆಣ್ಣುಮಗಳು ಸಂಶಯಕ್ಕೆ ಎಡೆಯಿರುವಂತೆ ಸತ್ತರೂ, ಆತ್ಮಹತ್ಯೆ ಮಾಡಿಕೊಂಡರೂ ಹಾಗೆಯೇ. ಅಂಥಲ್ಲಿ ಸಾಮಾನ್ಯವಾಗಿ ತಹಸೀಲ್ದಾರರೇ ಬಂದು ಪಂಚನಾಮೆ ಮಾಡುತ್ತಾರೆ. ಸರ್ಕಾರಿ ಆಸ್ಪತ್ರೆಯ ಶವಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಪರೀಕ್ಷೆಯಾದ ಮೇಲೆ ದೇಹವನ್ನು ಹೊಲಿದು ಕೊಡುತ್ತಾರೆ. ಮುಖ ಕೆಡುವುದಿಲ್ಲ, ತಲೆಯನ್ನು ತೆರೆದಿದ್ದರೂ ಹೊಲಿಗೆ ಕೂದಲಿನ ಮರೆಯಲ್ಲಿರುತ್ತದೆ.

ಪರೀಕ್ಷೆಯ ದಿನವೇ ಕೈಗೆ ಬರುವ ವರದಿಯಲ್ಲಿ ಎಷ್ಟೋ ಸಲ "ರಾಸಾಯನಿಕ ವರದಿ ಬರುವ ತನಕ ಅಭಿಪ್ರಾಯ ಕಾಯ್ದಿರಿಸಿದೆ" ಎಂದಿರುತ್ತದೆ. ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆಂದು ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆ. ಶೀಷೆಗಳ ಫಲಿತಾಂಶ ಬಾರದೆ ಮಾತಾಡುವುದಿಲ್ಲವೆಂಬುದಷ್ಟೇ ಅದರ ಅರ್ಥ.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವಯಸ್ಸಿನ ನೀವು ಸೇರಿದ್ದರೆ, ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ವಾರಸುದಾರರಿಗೆ ಸಲ್ಲುತ್ತದೆ. ಆತ್ಮಹತ್ಯೆಗೆ ಸಲ್ಲುವುದಿಲ್ಲ. ನೀರಿನಲ್ಲಿ ಮುಳುಗಿದ ಸಾವನ್ನು ಪೊಲೀಸರಿಗೆ ತಿಳಿಸಿರಲೇಬೇಕೆಂದು ಆ ಯೋಜನೆಯ ನಿಯಮವಿದೆ. ಅರ್ಜಿಯನ್ನು ಆದಷ್ಟೂ 30 ದಿನಗಳೊಳಗೆ ಖಾತೆಯಿರುವ ಶಾಖೆಗೆ ಕೊಡಿರಿ. ಅಂತಿಮ ಅಭಿಪ್ರಾಯ ಬಂದಿಲ್ಲವೆಂದು ಅರ್ಜಿಯನ್ನು ತಡೆಹಿಡಿಯಬೇಡಿರಿ. ಇರುವ ಕಾಗದಗಳನ್ನು ಕೊಟ್ಟು ಸ್ವೀಕೃತಿ ಪಡೆಯಿರಿ. ಯು.ಡಿ.ಆರ್. ಸಂಖ್ಯೆಯನ್ನೂ ಠಾಣೆಯ ಹೆಸರನ್ನೂ ಪಡಿತರ ಚೀಟಿಯ ಜೊತೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಪ್ರಯೋಗಾಲಯದ ವರದಿ ಠಾಣೆಗೆ ಬರುತ್ತದೆ, ಮನೆಗೆ ಬರುವುದಿಲ್ಲ. ಆ ಸಂಖ್ಯೆ ಹೇಳಿ ಆಗಾಗ ಕೇಳುತ್ತಿದ್ದು, ಬಂದ ಮೇಲೆ ವೈದ್ಯರ ಅಂತಿಮ ಅಭಿಪ್ರಾಯದ ಪ್ರತಿಗೆ ಲಿಖಿತ ಅರ್ಜಿ ಕೊಡಬೇಕು. ಅರ್ಜಿ ಬರೆಯಲು ಬಾರದವರು ನಾನು ಊರಿಗೆ ಬಂದ ದಿನ ಕಾಗದಗಳನ್ನು ತನ್ನಿರಿ, ಕುಳಿತು ಬರೆದುಕೊಡುತ್ತೇನೆ.